ಪರದೆಗೂ ಒಂದು ಅದಬು

ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಮದುವೆಗಳಲ್ಲಿ ಶಾಮಿಯಾನ, ಅಡುಗೆ, ಹೂವಿನ ಲೆಕ್ಕದ ಜೊತೆಗೆ ಈಗ ಇನ್ನೊಂದು ಬಾಬತ್ತು ಸೇರಿಕೊಂಡಿದೆ. ಅದು 'ಲೈವ್'. 2020ರ ಲಾಕ್‌ಡೌನ್ ಕಾಲದಲ್ಲಿ ಮದುವೆಗೆ 50 ಮಂದಿಗಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂದಾಗ ಅನಿವಾರ್ಯವಾಗಿ ಹಬ್ಬಿದ ಈ ಪದ್ಧತಿ, ನಿರ್ಬಂಧ ಹೋದ ಮೇಲೂ ಉಳಿದುಕೊಂಡಿತು. ಗಲ್ಫ್‌ನಲ್ಲಿ ದುಡಿಯುವ ಅಣ್ಣತಮ್ಮಂದಿರಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ನಿಕಾಹ್ ನೋಡುವ ಭಾಗ್ಯ ಸಿಗುವುದಾದರೆ ಬೇಡವೆನ್ನುವುದೇಕೆ? ನಿಕಾಹನ್ನು ಗುಟ್ಟಾಗಿಡದೆ ಪ್ರಕಟಪಡಿಸಬೇಕೆಂಬುದು ಪ್ರವಾದಿಯವರ(ಸ) ಬೋಧನೆಯೂ ಹೌದು.

ಆದರೆ ಆ ಲೈವ್‌ನ ಪರದೆಯ ಮೇಲೆ ಏನಿರಬೇಕು, ಏನಿರಬಾರದು ಎಂದು ನಿರ್ಧರಿಸುವವರು ಯಾರು? ಕಳೆದ ವರ್ಷ ನನ್ನ ಅಕ್ಕನ ಮಗಳ ನಿಕಾಹ್ ಗೊತ್ತಾದಾಗ ಈ ಪ್ರಶ್ನೆ ನಮ್ಮ ಮನೆಯಲ್ಲಿ ಜೋರಾಗಿಯೇ ಎದ್ದಿತು.

ವಿಡಿಯೋದವರು ಒಂದು ಮಾದರಿ ಕಳಿಸಿದ್ದರು. ಮೂಲೆಯಲ್ಲಿ ಹೃದಯಾಕಾರದ ಚೌಕಟ್ಟು, ಅದರೊಳಗೆ ವಧುವಿನ ಫೋಟೋ. ಮೇಲಿನಿಂದ ಎಡೆಬಿಡದೆ ಉದುರುವ ಗುಲಾಬಿ ದಳಗಳು. ಕೆಳಗೆ ಓಡುವ ಪಟ್ಟಿಯಲ್ಲಿ ಅವರದೇ ಹೆಸರು ಮತ್ತು ಮೊಬೈಲ್ ನಂಬರ್. ಖಾಜಿ ಸಾಹೇಬರ ಮುಖಕ್ಕಿಂತ ಆ ನಂಬರೇ ಎದ್ದು ಕಾಣುತ್ತಿತ್ತು.

"ಖಾಲಾ, ನನ್ನ ಫೋಟೋ ಬೇಡ. ಹೆಸರಿದ್ದರೆ ಸಾಕು" ಎಂದಳು ಹುಡುಗಿ.

"ಎಲ್ಲಾರೂ ಹಾಕ್ತಾರವಾ, ನಾವೊಬ್ಬರ ಯಾಕ ಬ್ಯಾರೆ?" ಎಂದರು ಅವಳ ಮಾಮು.

ಅವಳು ವಾದಿಸಲಿಲ್ಲ. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅಂತರ್ಜಾಲದಿಂದ ಕದ್ದು, ಆ್ಯಪ್‌ಗಳಲ್ಲಿ 'ಹರಾಜಿಗೆ' ಇಟ್ಟಂತೆ ಅವಮಾನಿಸಿದ ಸುದ್ದಿಯನ್ನು ನೆನಪಿಸಿದಳು, ಅಷ್ಟೆ. ಮಾಮು ಸುಮ್ಮನಾದರು.

ಫೋಟೋ ಹಾಕಿಸುವವರನ್ನು ದೂರಲು ನಾನಿದನ್ನು ಬರೆಯುತ್ತಿಲ್ಲ. ನನ್ನ ಮನಸ್ಸನ್ನು ಕೊರೆದದ್ದು ಬೇರೆಯೇ ವಿಷಯ. ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಬೇಕು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವಳ ಚಿತ್ರವನ್ನು ಊರಿಗೆಲ್ಲ ತೋರಿಸುವಾಗ ಯಾರೂ ಅವಳನ್ನು ಕೇಳುವುದಿಲ್ಲ. ಇನ್ನೊಬ್ಬರ ಮನೆಯೊಳಗೆ ಕಾಲಿಡುವ ಮೊದಲು ಅನುಮತಿ ಕೇಳಿ ಸಲಾಮ್ ಹೇಳಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27ನೇ ಸೂಕ್ತ ಕಲಿಸುತ್ತದೆ. ಲೈವ್ ಕೂಡಾ ನಮ್ಮ ಮನೆಯ ಒಂದು ಬಾಗಿಲೇ ಅಲ್ಲವೇ?

ಕೊನೆಗೆ ಪರದೆಯ ಅಲಂಕಾರದ ಹೊಣೆಯನ್ನು ಡಿಗ್ರಿ ಓದುತ್ತಿರುವ ಅವಳ ತಂಗಿಯೇ ವಹಿಸಿಕೊಂಡಳು. ಅದಕ್ಕೆ ಹಣ ಕೊಡಬೇಕಾಗಿರಲಿಲ್ಲ. 'ಓಬಿಎಸ್ ಸ್ಟುಡಿಯೋ' ಎಂಬ ತಂತ್ರಾಂಶ 2012ರಿಂದ ಉಚಿತವಾಗಿಯೇ ಸಿಗುತ್ತಿದೆ. ಗಾಜಿನ ಮೇಲೆ ಬಣ್ಣದಲ್ಲಿ ಬರೆದು ಚಿತ್ರದ ಮುಂದೆ ಹಿಡಿದರೆ ಹೇಗೋ ಹಾಗೆ, ಕ್ಯಾಮೆರಾದ ಚಿತ್ರ ಅಡಿಯಲ್ಲಿ, ಅದರ ಮೇಲೆ ಚೌಕಟ್ಟು, ಅದರ ಮೇಲೆ ಅಕ್ಷರ. ಚೌಕಟ್ಟನ್ನು 1920ಕ್ಕೆ 1080 ಚುಕ್ಕೆಗಳ ಅಳತೆಯಲ್ಲಿ, ನಡುವೆ ಪಾರದರ್ಶಕವಾಗಿ ಉಳಿಯುವಂತೆ ಪಿಎನ್‌ಜಿ ಚಿತ್ರವಾಗಿ ಮಾಡಿಕೊಳ್ಳಬೇಕು.

ಚೌಕಟ್ಟಿಗೆ ಅವಳು ಆರಿಸಿದ್ದು ಏಲಕ್ಕಿ ಹಾರ. ಹಾವೇರಿಗೆ 'ಏಲಕ್ಕಿ ಕಂಪಿನ ನಾಡು' ಎಂದೇ ಹೆಸರು. ಇಲ್ಲಿನ ಏಲಕ್ಕಿ ಹಾರವನ್ನು ತಲೆಮಾರುಗಳಿಂದ ಕಟ್ಟುತ್ತಾ ಬಂದವರು ನಮ್ಮವರೇ ಆದ ಪಟವೇಗಾರ ಮನೆತನದವರು. ಎಲ್ಲಿಂದಲೋ ತಂದ ಗುಲಾಬಿ ದಳಕ್ಕಿಂತ ನಮ್ಮೂರ ಈ ಹಾರದ ಚಿತ್ರ ಪರದೆಯ ಅಂಚಿನಲ್ಲಿ ಎಷ್ಟೋ ಚೆನ್ನಾಗಿ ಒಪ್ಪಿತು. ಉದುರುವ ದಳಗಳಿಂದ ಇನ್ನೊಂದು ತೊಂದರೆಯೂ ಇದೆ. ಪರದೆಯಲ್ಲಿ ಅಲುಗಾಡುವ ಪ್ರತಿಯೊಂದೂ ಇಂಟರ್ನೆಟ್‌ನ ಪಾಲು ತಿನ್ನುತ್ತದೆ. ನಮ್ಮೂರಿನ ನೆಟ್ ಅಷ್ಟಕ್ಕಷ್ಟೇ. ದಳಗಳಿಗೆ ಹೋದಷ್ಟು ಮುಖಗಳು ಮಸುಕಾಗುತ್ತವೆ. ಅದಕ್ಕೇ ಅವಳು ಅಲುಗಾಡುವುದನ್ನೆಲ್ಲ ತೆಗೆದುಹಾಕಿ, ಸುಮಾರು 4 ಎಂಬಿಪಿಎಸ್‌ನಲ್ಲಿ ಸಾಗುವ 720ರ ಗುಣಮಟ್ಟವನ್ನೇ ಇಟ್ಟಳು.

ಅಕ್ಷರಗಳಿಗೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಇರಲಿ ಎಂದು ನಾನೇ ಹೇಳಿದ್ದೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಕಾಯಿ ಅದು. ಅವಳು ಮಾಡಿ ತೋರಿಸಿದಳು. ಕಂಪ್ಯೂಟರಿನಲ್ಲಿ ಚೆಂದ, ಫೋನಿಗೆ ಬಂದಾಗ ಅಕ್ಷರದ ಅಂಚೆಲ್ಲ ಕಲಸಿದಂತೆ. ವಿಡಿಯೋದ ಗಾತ್ರ ಇಳಿಸಲು ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಕಳಿಸುತ್ತಾರಂತೆ. ಕೆಂಪಕ್ಷರಕ್ಕೆ ಅದರ ಪೆಟ್ಟು ಜಾಸ್ತಿ. ಕೆಂಪು ಅಂಚಿಗೆ ಸರಿಯಿತು, ಕಡುಹಸಿರಿನ ಮೇಲೆ ಬಿಳಿ ಅಕ್ಷರ ಬಂತು. ಕಣ್ಣಿನ ಪೊರೆ ತೆಗೆಸಿಕೊಂಡ ದಾದಿಗೂ ಓದಲು ಬರುವಷ್ಟು ದಪ್ಪವಾಗಿ.

ಕನ್ನಡ ಮತ್ತು ಉರ್ದು ಎರಡನ್ನೂ ಬರೆಯುವವರು ಒಂದು ಸಂಗತಿ ತಿಳಿದಿರಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಬೇಕು. ಬರೆದರೂ ಕೆಲವು ಕಂಪ್ಯೂಟರ್‌ಗಳಲ್ಲಿ ಕನ್ನಡದ ಒತ್ತಕ್ಷರ ಕಳಚಿ ನಿಲ್ಲುತ್ತದೆ, ಉರ್ದು ಅಕ್ಷರಗಳು ಒಂದನ್ನೊಂದು ಕೂಡುವುದಿಲ್ಲ. ಬೇರೆಡೆ ಬರೆದು ಚಿತ್ರವಾಗಿ ಉಳಿಸಿಕೊಂಡು ಹಾಕುವುದೇ ಸುಲಭ. ಬಿಸ್ಮಿಲ್ಲಾಹ್ ಅನ್ನು ಆರಂಭದ ಕಾರ್ಡ್‌ನ ಮೇಲ್ಭಾಗದಲ್ಲಿ ಮಾತ್ರ ಇಟ್ಟೆವು. ಕೆಳಗಿಟ್ಟರೆ ಫೋನಿನ ಬಟನ್‌ಗಳು, ಕಮೆಂಟ್‌ಗಳು ಅದರ ಮೇಲೆಯೇ ಹಾದುಹೋಗುತ್ತವೆ.

ಇನ್ನುಳಿದದ್ದು ಬಹಳ ಮುಖ್ಯವಾದ ಒಂದು ಘಳಿಗೆ. ವಕೀಲರೂ ಸಾಕ್ಷಿಗಳೂ ಹುಡುಗಿಯ ಬಳಿ ಹೋಗಿ ಒಪ್ಪಿಗೆ ಕೇಳುವಾಗ ಕ್ಯಾಮೆರಾವೂ ಹಿಂದೆಯೇ ಹೆಂಗಸರ ಕೋಣೆಗೆ ನುಗ್ಗುವುದು ರೂಢಿ. ನಮ್ಮಲ್ಲಿ ಹಾಗಾಗಬಾರದೆಂದು ತಂಗಿ ಪ್ರತ್ಯೇಕ ಕಾರ್ಡ್ ಮಾಡಿದ್ದಳು. ಏಲಕ್ಕಿ ಹಾರದ ನಡುವೆ ಎರಡೇ ಸಾಲು. 'ವಧುವಿನ ಒಪ್ಪಿಗೆ ಕೇಳಲಾಗುತ್ತಿದೆ. ದಯವಿಟ್ಟು ದುಆ ಮಾಡಿರಿ.' ಒಂದು ಗುಂಡಿ ಒತ್ತಿದರೆ ಸಭಾಂಗಣ ಮರೆಯಾಗಿ ಈ ಕಾರ್ಡ್ ಬರುವಂತೆ ಜೋಡಿಸಿದ್ದಳು.

ನಿಕಾಹ್ ರಾಣೇಬೆನ್ನೂರಿನ ಸಭಾಂಗಣದಲ್ಲಿ. ದಾದಿ ಬ್ಯಾಡಗಿಯ ಮನೆಯಲ್ಲಿ, ಹುಡುಗಿಯ ಅಣ್ಣ ದಮ್ಮಾಮಿನಲ್ಲಿ. ಕಾರ್ಡ್ ಬಂದಾಗ ದಾದಿಯ ಸುತ್ತ ಕುಳಿತ ಮಕ್ಕಳು "ಲೈವ್ ನಿಂತುಹೋಯ್ತು" ಎಂದು ಗಲಾಟೆ ಮಾಡಿದರಂತೆ. ದಾದಿ ಸೆರಗು ಸರಿಮಾಡಿಕೊಂಡು, "ಸುಮ್ಮನಿರ್ರಿ, ಹುಡುಗೀನ್ನ ಕೇಳಾಕತ್ತಾರ" ಎಂದು ಕೈ ಎತ್ತಿದರಂತೆ. ದಮ್ಮಾಮಿನಿಂದ ಅಣ್ಣ ಆಮೇಲೆ ಫೋನ್ ಮಾಡಿದ. "ಖಾಲಾ, ಆ ಎರಡು ನಿಮಿಷ ನಾನು ಕೋಣೆಯ ಬಾಗಿಲ ಹೊರಗೆ ನಿಂತಿದ್ದೆ ಅನ್ನಿಸಿತು" ಎಂದ. ಮುಂದೆ ಮಾತಾಡಲಾಗಲಿಲ್ಲ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಮದುವೆಯಿದ್ದರೆ ಕೆಲವು ಮಾತು ನೆನಪಿಡಿ. ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ಲೈವ್‌ಗೆ ಅನುಮತಿ ಸಿಗಲು 24 ಗಂಟೆಯವರೆಗೆ ಬೇಕಾಗಬಹುದು, ಹಿಂದಿನ ರಾತ್ರಿ ಕುಳಿತರಾಗದು. 'ಅನ್‌ಲಿಸ್ಟೆಡ್' ಎಂದಿಟ್ಟರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ, ಆದರೆ ಲಿಂಕನ್ನು ಯಾರೂ ಯಾರಿಗೂ ಕಳಿಸಬಹುದು. ಮುಗಿದ ಮೇಲೆ ವಿಡಿಯೋ ಅಲ್ಲೇ ಉಳಿಯುತ್ತದೆ, ನೋಡಬೇಕಾದವರು ನೋಡಿದ ನಂತರ ಅದನ್ನು 'ಪ್ರೈವೇಟ್' ಮಾಡಿ ಅಥವಾ ಅಳಿಸಿ. ಫೇಸ್‌ಬುಕ್ ಲೈವ್ 2025ರ ಫೆಬ್ರವರಿಯಿಂದ 30 ದಿನಗಳಷ್ಟೇ ಉಳಿಯುತ್ತದೆ, ಆದರೆ ಯಾರಾದರೂ ಉಳಿಸಿಕೊಳ್ಳಲು ಒಂದು ದಿನವೂ ಸಾಕು.

ಎಲ್ಲಕ್ಕಿಂತ ಮೊದಲು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾದರಿ ತೋರಿಸಿ. ಜೋಡಿನ ಬಣ್ಣಕ್ಕೆ, ಬಳೆಯ ಅಳತೆಗೆ ಅವಳನ್ನು ಹತ್ತು ಸಲ ಕೇಳುತ್ತೇವೆ. ಪರದೆಯ ಬಗ್ಗೆ ಒಂದು ಸಲವಾದರೂ ಕೇಳೋಣ.