ಕೆಂಪು ಶಾಯಿ
ನಮ್ಮೂರ ಡಾಕ್ಟರ ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದು ನಾನೇ. ಹಳೇ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಬಂದವು. ಹೆಸರು ಹೊಡೆದರೆ ಸಾಕು, ಬಿಪಿ, ಶುಗರ್, ಮಾತ್ರೆ ಎಲ್ಲ ಹಾಜರ್! ನನಗೋ ಭಾರೀ ಹೆಮ್ಮೆ.

ಮೊನ್ನೆ ಅಮ್ಮನಿಗೆ ಗಂಟಲುನೋವು. ಡಾಕ್ಟರು ಅಮಾಕ್ಸಿಸಿಲಿನ್ ಬರೆದರು. ಅಷ್ಟರಲ್ಲಿ ಹಳೇ ಕಾಂಪೌಂಡರ್, "ಸಾರ್, ಇವರಿಗೆ ಪೆನಿಸಿಲಿನ್ ಆಗಲ್ಲ... ಕಾರ್ಡಲ್ಲಿ ಕೆಂಪು ಶಾಯೀಲಿ ಬರೆದಿತ್ತಲ್ಲಾ" ಅಂದರು. ಎರಡೂ ಒಂದೇ ಜಾತಿಯ ಔಷಧಿ. ನನ್ನ ಎದೆ ಧಸಕ್ಕೆಂದಿತು.

ಅಲರ್ಜಿಗೆ ಕಾಲಂ ಇತ್ತು, ಮೂರನೇ ಪುಟದಲ್ಲಿ. ಖಾಲಿ ಬಿಟ್ಟರೂ ಸೇವ್ ಆಗುವಂತೆ ಬರೆದವನೂ ನಾನೇ. ಖಾಲಿ ಅಂದರೆ 'ಅಲರ್ಜಿ ಇಲ್ಲ' ಅಂತಲೋ, 'ಕೇಳೇ ಇಲ್ಲ' ಅಂತಲೋ?

ಈಗ ಅದು ಹೆಸರಿನ ಪಕ್ಕದಲ್ಲೇ, ಕೆಂಪಕ್ಷರದಲ್ಲಿದೆ. ತುಂಬದೆ ಸೇವ್ ಆಗಲ್ಲ. ಕಾರ್ಡುಗಳನ್ನು ರದ್ದಿಗೆ ಹಾಕಿರಲಿಲ್ಲ, ಪುಣ್ಯ. ರಾತ್ರಿ ಕೂತು ಒಂದೊಂದಾಗಿ ನೋಡ್ತಿದ್ದೀವಿ...