ಇನ್ನೇನು

ಏಳು ಪಂದ್ಯ, ಹನ್ನೊಂದು ಪಾಯಿಂಟು. ಏಳನ್ನೂ ಸೋತೆವು, ಏಳರಲ್ಲೂ ಸೇರಿ ಸೋತದ್ದು ಹನ್ನೊಂದೇ ಪಾಯಿಂಟಿನಿಂದ. ಒಂದು, ಎರಡು, ಒಂದು, ಮೂರು, ಒಂದು, ಎರಡು, ಒಂದು. ಬೇಕಾದರೆ ಕೂಡಿ ನೋಡಿ. ನಾನು ಮೂವತ್ತು ವರ್ಷದಿಂದ ಕೂಡುತ್ತಿದ್ದೇನೆ, ಪ್ರತಿಸಲವೂ ಅಷ್ಟೇ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ಹನ್ನೊಂದು ರೂಪಾಯಿ ಕಮ್ಮಿ ಬಿದ್ದರೆ ‘ನಾಳೆ ಕೊಡೀರಂತೆ ಹೋಗಿ ಸ್ವಾಮಿ’ ಅನ್ನುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾಲದ ವ್ಯವಹಾರ ಇಲ್ಲ.

ಎಂಟನೆಯ ಪಂದ್ಯವೂ ಒಂದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

1994ರ ದೀಪಾವಳಿ ಕಳೆದ ಮೇಲೆ ಶುರುವಾಗಿ ಮರುವರ್ಷದ ಶಿವರಾತ್ರಿ ಹೊತ್ತಿಗೆ ಮುಗಿದ ಕಥೆ ಇದು. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ. ಆಗಿನ್ನೂ ನಾವು ಬೆಂಗಳೂರು ವಿಶ್ವವಿದ್ಯಾಲಯದ ಮಕ್ಕಳು, ಕೊನೇ ಬೆಂಚಿನವರು. ಮಧುಗಿರಿಯ ಆ ಏಕಶಿಲಾ ಬೆಟ್ಟದ ಬುಡದಲ್ಲಿ ನಮ್ಮ ಕೋರ್ಟು. ಕೋರ್ಟು ಅನ್ನುವುದು ಅಭಿಮಾನದ ಮಾತು. ಎರಡು ಕಂಬ, ಎರಡು ರಿಂಗು, ನಡುವೆ ಕೆಮ್ಮಣ್ಣು, ಮಣ್ಣಿನ ತುಂಬ ಬೆಣಚುಕಲ್ಲು. ಬಾಲನ್ನು ನೆಲಕ್ಕೆ ಬಡಿದರೆ ಅದು ಎದ್ದು ಯಾವ ಕಡೆಗೆ ಹೋಗುತ್ತದೆ ಅನ್ನುವುದು ಆಯಾ ಕಲ್ಲಿನ ಇಚ್ಛೆ. ಯಾವ ಕಲ್ಲು ಎಲ್ಲಿದೆ, ಅದರ ಗುಣವೇನು ಎಂಬುದು ನಮಗೆ ಬಾಯಿಪಾಠವಾಗಿತ್ತು. ನಾವು ಕಲಿತದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ, ಆ ನೆಲ. ಇದು ಗೊತ್ತಾಗಿದ್ದು ತುಮಕೂರಿಗೆ ಹೋದ ಮೇಲೆ.

ಹಾಜರಿ ಪುಸ್ತಕದಲ್ಲಿ ನಮಗೆಲ್ಲ ಒಂದೊಂದು ಹೆಸರಿತ್ತು. ಕೋರ್ಟಿನಲ್ಲಿ ಊರೇ ಹೆಸರು. ಕ್ಯಾಪ್ಟನ್ ಮಿಡಿಗೇಶಿ, ಐದಡಿ ನಾಲ್ಕಂಗುಲ. ತಂಡಕ್ಕೆಲ್ಲ ಗಿಡ್ಡ, ಗಂಟಲಿನಲ್ಲಿ ಎಲ್ಲರಿಗಿಂತ ಎತ್ತರ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಆರಡಿಯ ಮೇಲಿದ್ದ. ಅವನು ದೋಟಿಯಿಲ್ಲದೆ ಹುಣಸೇಕಾಯಿ ಕೀಳುತ್ತಿದ್ದುದನ್ನು ನಮ್ಮ ಪಿ.ಡಿ. ಸಾರ್ ಕಂಡು, ಕಾಯಿ ಜೇಬಿನಲ್ಲಿರುವಂತೆಯೇ ಹಿಡಿದು ತಂದಿದ್ದರು. ಪಾವಗಡದ ಕಡೆಯ ವೈ.ಎನ್. ಹೊಸಕೋಟೆ ಖುಷಿಯಾದಾಗ ಕನ್ನಡದಲ್ಲಿ, ಗಾಬರಿಯಾದಾಗ ತೆಲುಗಿನಲ್ಲಿ ಕೂಗುತ್ತಿದ್ದ. ಕೊನೆಯ ಎರಡು ನಿಮಿಷ ನಮ್ಮ ತಂಡದ ಆಡಳಿತ ಭಾಷೆ ಪೂರ್ತಿ ತೆಲುಗು. ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ದೈವಭಕ್ತ, ಬಾಲನ್ನು ಕಣ್ಣಿಗೊತ್ತಿಕೊಂಡು ಎಸೆಯುತ್ತಿದ್ದ. ನಾನು ಬಡವನಹಳ್ಳಿ. ಹೆಸರಿಗೆ ತಕ್ಕ ಆಟ.

ಪಿ.ಡಿ. ಸಾರ್ ಮೂಲತಃ ಕಬಡ್ಡಿಯವರು. ನಿಯಮದ ಪುಸ್ತಕ ತರಿಸಿಕೊಂಡು ನಮಗಿಂತ ಒಂದು ಪುಟ ಮುಂದೆ ಓದಿಕೊಂಡು ಬಂದು ಕಲಿಸುತ್ತಿದ್ದರು. ಆಟ ಅವರಿಗೆ ಕೈಗೆ ಬರಲಿಲ್ಲ, ಅದರ ಪುರಾಣ ಮಾತ್ರ ಪೂರ್ತಿ ಬಾಯಿಗೆ ಬಂತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗಾಲದಲ್ಲಿ ಒಳಗೆ ಕೂತು ಕಿತಾಪತಿ ಮಾಡುತ್ತಿದ್ದ ಹುಡುಗರನ್ನು ತಹಬಂದಿಗೆ ತರಲು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು ಈ ಆಟ ಕಟ್ಟಿದ. ಬುಟ್ಟಿಗೆ ತಳವಿತ್ತು, ಬಾಲು ಬಿದ್ದರೆ ಹತ್ತಿ ತೆಗೆಯಬೇಕು. ಒಂದು ಕಡೆಗೆ ಒಂಬತ್ತು ಜನ ಆಡಿದ ಆ ಮೊದಲ ಪಂದ್ಯ ಮುಗಿದದ್ದು 1–0ಗೆ. ಈ ಕೊನೆಯ ವಿವರವನ್ನು ಸಾರ್ ನಮಗೆ ಮೊದಲೇ ಹೇಳಬಾರದಿತ್ತು. ಒಂದೇ ಪಾಯಿಂಟಿನಿಂದ ಸೋಲುವುದು ಈ ಆಟದ ಮೂಲ ಸಂಪ್ರದಾಯ, ನಾವು ಅದನ್ನು ಉಳಿಸಿಕೊಂಡು ಬಂದವರು ಎಂದು ಮಿಡಿಗೇಶಿ ಆಮೇಲೆ ಎಲ್ಲ ಕಡೆ ಭಾಷಣ ಮಾಡಿಕೊಂಡು ತಿರುಗಿದ.

ಸಾರ್ ಇನ್ನೊಂದು ನಿಯಮ ಮಾಡಿದ್ದರು, ಅದು ಪುಸ್ತಕದಲ್ಲಿ ಇರಲಿಲ್ಲ: ಗೆದ್ದರೆ ಮಸಾಲೆ ದೋಸೆ, ಸೋತರೆ ಇಡ್ಲಿ.

ಮೊದಲ ಪಂದ್ಯ ನಮ್ಮ ಕೋರ್ಟಿನಲ್ಲೇ. ಗೆರೆಗಳನ್ನು ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಎಳೆದಿದ್ದೆವು. ವಿರಾಮದಲ್ಲಿ ಮತ್ತೊಮ್ಮೆ ಎಳೆಯೋಣವೇ ಎಂದು ತೋವಿನಕೆರೆ ಕೇಳಿದ್ದ. ‘ಸುಣ್ಣ ಮುಂದಿನ ಮ್ಯಾಚಿಗೂ ಬೇಕಲ್ಲಪ್ಪ’ ಎಂದವನು ನಾನೇ. ಕೊನೆಯ ನಿಮಿಷದಲ್ಲಿ ಬುಕ್ಕಾಪಟ್ಟಣ ದೂರದಿಂದ ಎಸೆದ ಬಾಲು ರಿಂಗನ್ನು ಮುಟ್ಟದೆ ಒಳಗಿಳಿಯಿತು. ಮೂರು ಪಾಯಿಂಟೆಂದು ನಾವು ಕುಣಿದೆವು. ರೆಫರಿ ಬಂದು ಅವನ ಕಾಲ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಗೆರೆಯೇ ಇಲ್ಲ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಮುಕ್ಕಾಲು ಗಂಟೆ ನಾವೇ ಓಡಾಡಿ ನಮ್ಮ ಕಾಲಲ್ಲೇ ಒರೆಸಿದ್ದೆವು. ‘ಗೆರೆ ಎಲ್ಲೈತಪ್ಪ?’ ಎಂದರು. ಬುಕ್ಕಾಪಟ್ಟಣ ತನ್ನ ಬಿಳಿಯಾದ ಬೂಟನ್ನು ಎತ್ತಿ ತೋರಿಸಿದ. ಎರಡೇ ಕೊಟ್ಟರು. ಒಂದರಿಂದ ಸೋತೆವು. ಮಿಕ್ಕಿದ ಅರ್ಧ ಚೀಲ ಸುಣ್ಣ ಗೋಡೆಗೊರಗಿ ಕೂತು ನಮ್ಮನ್ನೇ ನೋಡುತ್ತಿತ್ತು.

ಶಿರಾದಲ್ಲಿ ಎರಡರಿಂದ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ; ಬಸ್ಸಿನಲ್ಲಿ ಯಾರೋ ಕೊಟ್ಟ ಹುರಿದ ಕಡಲೇಕಾಯಿ ಚೆನ್ನಾಗಿತ್ತು.

ತುಮಕೂರಿನದು ನನ್ನದು. ಅಂದರೆ, ಸೋಲು ನನ್ನದು. ಜೀವಮಾನದಲ್ಲಿ ಮೊದಲ ಸಲ ಸಿಮೆಂಟಿನ ಕೋರ್ಟು ಕಂಡೆವು. ಬಾಲನ್ನು ಎಲ್ಲಿ ಬಡಿದರೂ ಅಲ್ಲಿಂದಲೇ ನೆಟ್ಟಗೆ ಕೈಗೆ ಬರುತ್ತಿತ್ತು. ಇದರಿಂದ ನಾವು ಪೂರ್ತಿ ದಿಕ್ಕೆಟ್ಟೆವು. ಹೊಸಕೋಟೆ ಅಭ್ಯಾಸಬಲದಿಂದ ಎಡಕ್ಕೆ ಕೈಚಾಚುತ್ತಿದ್ದ, ಬಾಲು ನಡುವೆಯೇ ಎದ್ದು ಅವನ ಗದ್ದಕ್ಕೆ ಬಡಿಯುತ್ತಿತ್ತು. ಆದರೂ ಎಳೆದಾಡಿ ಕೊನೆಯ ಕ್ಷಣಕ್ಕೆ ಒಂದು ಪಾಯಿಂಟಿನಷ್ಟು ಹಿಂದಿದ್ದೆವು. ಆಗ ಯಾರೋ ನನ್ನ ಕೈ ಮೇಲೆ ಹೊಡೆದರು. ಎರಡು ಫ್ರೀ ಥ್ರೋ. ಒಂದು ಹಾಕಿದರೆ ಸಮ, ಎರಡು ಹಾಕಿದರೆ ಮಸಾಲೆ ದೋಸೆ.

ರಿಂಗಿನ ಅಗಲ 18 ಇಂಚು. ಬಾಲಿನದು ಒಂಬತ್ತೂವರೆ. ಹೆಚ್ಚೂಕಡಿಮೆ ಎರಡು ಬಾಲು ಒತ್ತೊತ್ತಾಗಿ ಇಳಿಯುವಷ್ಟು ಜಾಗ. ನಿಂತ ಗೆರೆಯಿಂದ ಬೋರ್ಡಿಗೆ 15 ಅಡಿ. ಅಡ್ಡ ಬರುವವರಿಲ್ಲ, ಗಾಳಿಯಿಲ್ಲ, ಕಲ್ಲಿಲ್ಲ. ಮೊದಲನೆಯದು ಬೋರ್ಡಿಗೆ ಬಡಿದು ನನ್ನ ಹತ್ತಿರವೇ ವಾಪಸು ಬಂತು, ಮದುವೆಮನೆಗೆ ಹೋಗಿ ಉಣ್ಣದೆ ಬಂದವರ ಹಾಗೆ. ಎರಡನೆಯದು ರಿಂಗಿನ ಮೇಲೆ ಕೂತಿತು. ಒಂದು ಸುತ್ತು ಬಂತು. ಇನ್ನೊಂದು ಅರ್ಧ ಸುತ್ತು. ‘ಇನ್ನೇನು ಬಿತ್ತು!’ ಎಂದು ಹೊಸಕೋಟೆ ಕಿರುಚಿದ. ಕನ್ನಡದಲ್ಲೇ ಕಿರುಚಿದ, ಅದೇ ನನಗೆ ಮರೆಯದಿರುವುದು. ಬಾಲು ಹೊರಗಡೆ ಇಳಿಯಿತು.

ಆ ರಾತ್ರಿ ಇಡ್ಲಿ ಮುಗಿಸಿ ಬಸ್‌ಸ್ಟ್ಯಾಂಡಿಗೆ ಓಡುವಾಗ ಮಧುಗಿರಿಯ ಕೊನೆಯ ಬಸ್ಸಿನ ಹಿಂದಿನ ಕೆಂಪು ದೀಪ ಗೇಟು ದಾಟುತ್ತಿತ್ತು. ಇನ್ನೇನು ಕೈಗೆ ಸಿಕ್ಕಿತು ಅನ್ನುವಷ್ಟು ಹತ್ತಿರ. ಹುಣಸೇಹಣ್ಣು ಇಳಿಸಿ ಖಾಲಿ ಹೋಗುತ್ತಿದ್ದ ಒಂದು ಲಾರಿಯ ಹಿಂದೆ ಕೂತು ಕೊರಟಗೆರೆ ದಾಟಿಕೊಂಡು ಊರು ಸೇರಿದೆವು. ಮೈಗೆಲ್ಲ ಹುಳಿ ವಾಸನೆ. ಸಾರ್ ಮುಂದೆ ಡ್ರೈವರ್ ಪಕ್ಕ ಕೂತಿದ್ದವರು ಇಳಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಓಗ್ಲಿ ಬಿಡ್ಲಾ, ಬಾಲಿಗೇ ಮನ್ಸಿರ್ಲಿಲ್ಲ’ ಎಂದರು. ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಈ ‘ಇನ್ನೇನು’ ಹೊಸದಲ್ಲ. ಮಳೆಗಾಲದ ಮಧ್ಯಾಹ್ನ ಮೋಡ ಕಟ್ಟುತ್ತದೆ, ಬೆಟ್ಟ ಕಪ್ಪಾಗುತ್ತದೆ, ಅಂಗಳದ ಬಟ್ಟೆ ಒಳಕ್ಕೆ ಬರುತ್ತದೆ. ಇನ್ನೇನು ಬಂತು, ಇನ್ನೇನು ಬಂತು ಅನ್ನುವಷ್ಟರಲ್ಲಿ ಗಾಳಿಯೆದ್ದು ಮೋಡ ಆಂಧ್ರದ ಕಡೆ ಸರಿದುಬಿಡುತ್ತದೆ. ಕಡಲೇಗಿಡ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಬರಬೇಕಾದ ಮಳೆ ಹದಿನೈದು ದಿನ ತಡವಾಗಿ ಧಾರಾಳವಾಗಿ ಸುರಿದು, ಎಲೆ ಬೆಳೆಸಿ ಹೋಗುತ್ತದೆ. ನಮ್ಮಪ್ಪ ಆ ವರ್ಷ ಚೀಲ ಎಣಿಸಿ, ‘ಒಂದು ಮಳೆ ಬಿದ್ದಿದ್ರೆ...’ ಎಂದು ನಿಲ್ಲಿಸಿದರು. ನಾನು ಜಗಲಿಯ ಈ ತುದಿಯಲ್ಲಿ ಕೂತು ‘ಒಂದು ಪಾಯಿಂಟು ಬಿದ್ದಿದ್ರೆ...’ ಅಂದುಕೊಂಡೆ. ಅಪ್ಪ ಮಗ ಮಾತಾಡದೆ ಅಷ್ಟು ಒಮ್ಮತದಲ್ಲಿದ್ದ ಸಂಜೆ ಇನ್ನೊಂದಿಲ್ಲ.

ಮೂರು ಸೋತ ಮೇಲೆ ಇದು ಆಟದ ದೋಷವಲ್ಲ, ಗ್ರಹದ ದೋಷ ಎಂದು ಹೊಸಕೋಟೆ ತೀರ್ಮಾನಿಸಿ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಬೇಕೆಂದ. ಸಾರ್ ಒಪ್ಪಲಿಲ್ಲ. ‘ಶನಿ ಇಂಗೆ ಒಂದೊಂದೇ ಪಾಯಿಂಟು ಕೀಳಲ್ಲ ಕಣ್ಲಾ. ಕಿತ್ರೆ ಒಟ್ಟಿಗೇ ಕೀಳ್ತಾನೆ.’ ಕೊನೆಗೆ ತೋವಿನಕೆರೆಯ ಮಾತು ನಡೆದು, ಒಂದು ಭಾನುವಾರ ಎಲ್ಲರೂ ಸಿದ್ದರಬೆಟ್ಟಕ್ಕೆ ಹೋದೆವು.

ಸಿದ್ಧಪುರುಷರು ತಪಸ್ಸು ಮಾಡಿದ ಗವಿಗಳು, ಗವಿಯೊಳಗೆ ಸಿದ್ದೇಶ್ವರ, ಮೈ ಜುಮ್ಮೆನ್ನುವ ತಣ್ಣೀರು, ಸುತ್ತ ಕಾಲಿಟ್ಟಲ್ಲೆಲ್ಲ ಔಷಧಿ ಗಿಡ. ಆ ಬೆಟ್ಟ ನಮ್ಮ ಕಡೆಯವರ ಆಸ್ಪತ್ರೆಯೂ ಹೌದು, ದೇವಸ್ಥಾನವೂ ಹೌದು. ಬುಕ್ಕಾಪಟ್ಟಣ ‘ಒಂದೇ ಒಂದು ಪಾಯಿಂಟು ಸ್ವಾಮಿ’ ಎಂದು ಕೈಮುಗಿದ. ಕೇಳುವುದು ಕೇಳಿದೆ, ಹತ್ತಾದರೂ ಕೇಳಬಾರದಿತ್ತೇ ಎಂದು ಮಿಡಿಗೇಶಿ ಅವನನ್ನು ಬೈದ. ಕೆಳಗೆ ಬೇರು ನಾರು ಹರಡಿಕೊಂಡು ಕೂತಿದ್ದ ಮುದುಕರೊಬ್ಬರ ಹತ್ತಿರ ಕ್ಯಾಪ್ಟನ್ ಹೋಗಿ ನಿಂತು, ಯಾರಿಗೂ ಕೇಳಿಸದ ಹಾಗೆ ವಿಚಾರಿಸಿದ: ‘ತಾತಾ, ಎತ್ತರ ಆಗಕ್ಕೆ ಏನಾದ್ರೂ ಐತಾ?’ ಮುದುಕರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ದೂರವೇನೂ ಇರಲಿಲ್ಲ, ಬೇಗ ಮುಗಿಯಿತು. ‘ಎತ್ತರಕ್ಕೆ ಇಲ್ಲ ಕಣಪ್ಪ. ಮಂಡಿನೋವಿಗೆ ಐತೆ, ಕೊಡ್ಲಾ?’ ಇಪ್ಪತ್ತು ವರ್ಷದ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮುಂದಿನ ವಾರ ಮೂರು ಪಾಯಿಂಟಿನಿಂದ ಸೋತೆವು. ಆಮೇಲಿನ ಮೂರನ್ನು ಒಂದೊಂದಾಗಿ ಹೇಳಲಾರೆ. ಒಂದರಲ್ಲಿ ಸೀಟಿ ಊದಿದಾಗ ಕರಿಹಲಗೆಯ ಮೇಲೆ ನಾವೇ ಒಂದು ಪಾಯಿಂಟು ಮುಂದಿದ್ದೆವು, ಬುಕ್ಕಾಪಟ್ಟಣನನ್ನು ಹೊತ್ತುಕೊಂಡು ಮೆರವಣಿಗೆ ಹೊರಟು ಗೇಟಿನ ತನಕವೂ ಬಂದಿದ್ದೆವು. ಅಲ್ಲಿ ಹುಡುಗನೊಬ್ಬ ಓಡಿ ಬಂದು, ಸ್ಕೋರ್‌ಶೀಟಿನಲ್ಲಿ ಅವರದು ಎರಡು ಪಾಯಿಂಟು ಹಲಗೆಗೆ ಏರಿಲ್ಲ ಎಂದ. ಶೀಟು ನೋಡಿದೆವು, ಸರಿಯಾಗಿಯೇ ಇತ್ತು. ಬುಕ್ಕಾಪಟ್ಟಣನನ್ನು ಕೆಳಗಿಳಿಸಿದೆವು. ಅವನು ಭಾರವೂ ಇದ್ದ.

ಆ ಸಂಜೆ ಸಾರ್ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ಲಿನ ಕಥೆ ಹೇಳಿದರು. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಒಂದು ಪಂದ್ಯವನ್ನೂ ಸೋಲದ ಅಮೆರಿಕ 50–49ರಲ್ಲಿ ಮುಂದಿತ್ತು. ಉಳಿದದ್ದು ಮೂರು ಸೆಕೆಂಡು. ಆ ಮೂರು ಸೆಕೆಂಡನ್ನು ಗಡಿಯಾರದ ಗೊಂದಲ, ಟೈಮ್ ಔಟಿನ ತಕರಾರು ಎಂದು ಮತ್ತೆ ಮತ್ತೆ ಆಡಿಸಿದರು. ಕೊನೆಯ ಬಾರಿಗೆ ಸೋವಿಯೆಟ್ಟಿನ ಅಲೆಕ್ಸಾಂಡರ್ ಬೆಲೋವ್ ಬಾಲು ಹಾಕಿದ, 51–50. ಅಮೆರಿಕದವರು ಬೆಳ್ಳಿ ಪದಕ ಮುಟ್ಟಲಿಲ್ಲ. ಅವರ ಕ್ಯಾಪ್ಟನ್ ಕೆನಿ ಡೇವಿಸ್, ತಾನು ಸತ್ತ ಮೇಲೂ ಹೆಂಡತಿ ಮಕ್ಕಳು ಅದನ್ನು ತೆಗೆದುಕೊಳ್ಳಕೂಡದೆಂದು ಉಯಿಲು ಬರೆದಿಟ್ಟಿರುವುದನ್ನು ನಾನು ಆಮೇಲೆ ಎಲ್ಲೋ ಓದಿದೆ. ಎಂಥ ಭಾಗ್ಯ! ನಮಗೆ ತಿರಸ್ಕರಿಸುವುದಕ್ಕಾದರೂ ಯಾರಾದರೂ ಒಂದು ಪದಕ ಕೊಡಬೇಕಿತ್ತು. ಉಯಿಲಿನಲ್ಲಿ ಬರೆಯಲು ನನ್ನ ಹತ್ತಿರ ಇರುವುದು ಅರ್ಧ ಚೀಲ ಸುಣ್ಣ.

ಈಗ ಎಂಟನೆಯದು. ಬೆಂಗಳೂರಿನ ಒಂದು ಕಾಲೇಜಿನ ಮೇಲೆ. ಮರದ ನೆಲ, ಮಿರಿಮಿರಿ ಮಿಂಚುವ ಬೂಟು, ಬುಕ್ಕಾಪಟ್ಟಣನಿಗೇ ಕತ್ತೆತ್ತಿ ಮಾತಾಡಬೇಕಾದಂಥ ಹುಡುಗರು. ಮೂವತ್ತೆಂಟು ಪಾಯಿಂಟಿನಿಂದ ಸೋತೆವು. ಅರ್ಧ ಆಟಕ್ಕೇ ಎಲ್ಲ ತೀರ್ಮಾನವಾಗಿತ್ತಾದ್ದರಿಂದ ಉಳಿದರ್ಧ ಬಹಳ ಆರಾಮಾಗಿ ಆಡಿದೆವು. ನಾನು ನಾಲ್ಕು ಫ್ರೀ ಥ್ರೋ ಎಸೆದೆ, ನಾಲ್ಕೂ ಬಿತ್ತು. ಒಂದಂತೂ ರಿಂಗಿಗೆ ಸೋಕಲೇ ಇಲ್ಲ. ವಾಪಸು ಬರುವಾಗ ಕ್ಯಾತಸಂದ್ರದಲ್ಲಿ ಎಲ್ಲರನ್ನೂ ಇಳಿಸಿ ಸಾರ್ ತಟ್ಟೆ ಇಡ್ಲಿ ಹೇಳಿದರು. ಆಮೇಲೆ ಏನನ್ನಿಸಿತೋ, ಮಾಣಿಯನ್ನು ಮತ್ತೆ ಕರೆದು, ‘ಒಂದೊಂದು ಮಸಾಲೆನೂ ಆಕ್ಬಿಡಪ್ಪ’ ಎಂದರು. ಹೊಸಕೋಟೆ ತುಮಕೂರು ಬರುವವರೆಗೂ ಹಾಡಿದ. ಆ ರಾತ್ರಿ ನಾನು ಕಲ್ಲಿನ ಹಾಗೆ ಮಲಗಿದೆ. ಆ ಪಂದ್ಯದಲ್ಲಿ ಯಾರು ಎಷ್ಟು ಹಾಕಿದರು, ಎದುರು ತಂಡದ ಅಂಗಿ ಯಾವ ಬಣ್ಣ, ಒಂದೂ ಈಗ ನೆನಪಿಲ್ಲ. ತುಮಕೂರಿನ ಆ ರಿಂಗಿನಲ್ಲಿ ಎಡಗಡೆ ಬಣ್ಣ ಒಂದಿಷ್ಟು ಕೆತ್ತಿಹೋಗಿತ್ತು, ಬಾಲು ಆ ಜಾಗದಲ್ಲಿ ತಿರುಗಿತು ಎಂಬುದನ್ನು ಮಾತ್ರ ಚಿತ್ರ ಬರೆದು ತೋರಿಸಬಲ್ಲೆ.

ಡಿಗ್ರಿ ಮುಗಿಯಿತು, ಊರು ಬಿಟ್ಟೆವು. 2010ರ ಜನವರಿಯಲ್ಲಿ ಮೈಸೂರಿನಲ್ಲಿ ರಣಜಿ ಫೈನಲ್. 338 ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆಯ ಶತಕದ ಮೇಲೆ ಇನ್ನೇನು ಕಪ್ ಮುಟ್ಟಿತು ಎನ್ನುವಾಗ ಮುಂಬೈಗೆ ಆರು ರನ್ನಿನಿಂದ ಸೋತಿತು. ನಾನು ಆಫೀಸಿನಲ್ಲಿದ್ದೆ. ಹದಿನೈದು ವರ್ಷದಲ್ಲಿ ನಾಲ್ಕೋ ಐದೋ ಸಲ ಮಾತಾಡಿದ್ದ ಹೊಸಕೋಟೆಯ ಫೋನು ಬಂತು. ‘ನೋಡ್ದೇನೋ ಬಡವನಹಳ್ಳಿ, ಆರು ರನ್ನು!’ ಎಂದ. ಆ ದನಿಯಲ್ಲಿ ದುಃಖವಿತ್ತು, ಆದರೆ ಬೀಗರು ಸಿಕ್ಕಿದ ಸಂತೋಷವೂ ಇತ್ತು.

ಹೋದ ವರ್ಷ ಮತ್ತೆ ಸೇರಿದೆವು. ಸೇರುವ ಜಾಗಕ್ಕೆ ಬೇರೆ ಹೆಸರೇ ಬರಲಿಲ್ಲ. ಐವರೂ ಬಂದರು, ಹತ್ತು ಮಂಡಿಗಳ ಸಮೇತ. ಸಿದ್ದರಬೆಟ್ಟದ ಬುಡದಲ್ಲಿ ಬೇರು ಮಾರುವ ಮುದುಕರು ಕೂರುತ್ತಿದ್ದ ಕಡೆಗೆ ಎಲ್ಲರೂ ಒಮ್ಮೆ ತಿರುಗಿ ನೋಡಿದೆವು, ಯಾರೂ ಏನೂ ಹೇಳಲಿಲ್ಲ. ಮೆಟ್ಟಿಲು ಹತ್ತಲು ತೊಡಗಿದೆವು. ಬುಕ್ಕಾಪಟ್ಟಣ ಈಗ ಬಾಗಿದ್ದಾನೆ, ಮಿಡಿಗೇಶಿಗೂ ಅವನಿಗೂ ಅಂತರ ಕಮ್ಮಿಯಾಗಿದೆ. ಮಂಗವೊಂದು ತೋವಿನಕೆರೆಯ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಹಿಂದಿನಿಂದ ಬಂದು ಲೀಲಾಜಾಲವಾಗಿ ಎತ್ತಿಕೊಂಡು ಬಂಡೆ ಏರಿತು. ಸಾರ್ ಇದ್ದಿದ್ದರೆ ಆ ಕೋತಿಯನ್ನು ಅಲ್ಲೇ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಮೇಲೆ ಗವಿಯ ಹತ್ತಿರದ ತಿರುವಿನಲ್ಲಿ ಉಸಿರು ಕಟ್ಟಿ ಐವರೂ ಕೂತುಬಿಟ್ಟೆವು. ದರ್ಶನ ಮುಗಿಸಿ ಒದ್ದೆ ಕೂದಲಿನಲ್ಲಿ ಇಳಿಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ನಿಂತರು.

‘ಏಳ್ರಪ್ಪ, ಕೂತ್ಕಬ್ಯಾಡಿ. ಇನ್ನೇನು ಬಂತು. ಅತ್ತೇ ಮೆಟ್ಲು.’

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹೊಸಕೋಟೆ ತೆಲುಗಿನಲ್ಲಿ ಏನೋ ಗೊಣಗಿದ. ಮಿಡಿಗೇಶಿ ಮಂಡಿ ಹಿಡಿದುಕೊಂಡು ಮುಂದಕ್ಕೆ ಬಗ್ಗಿ ಕೇಳಿದ:

‘ಹತ್ತೋ, ಹನ್ನೊಂದೋ? ಸರಿಯಾಗಿ ಎಣಿಸಿ ಹೇಳಮ್ಮಾ.’