ನಲ್ಲಿಯಲ್ಲಿ ಬರುತ್ತಿದ್ದ ಅರ್ಕಾವತಿ

ಅರ್ಕಾವತಿ ಗೊತ್ತೇ ಎಂದು ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ. ಗೊತ್ತಿಲ್ಲದೆ ಏನು, ಅಲ್ಲಿ ಸೈಟಿನ ದರ ಈಗ ಎಷ್ಟು ಅಂತಲೂ ಹೇಳುತ್ತಾರೆ. ಬಡಾವಣೆಗೆ ಹೆಸರು ಕೊಟ್ಟು ತಾನು ಕಾಣೆಯಾದ ನದಿ ಅದು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಷ್ಟು ಹೊತ್ತಿಗೆ ಅದರಲ್ಲಿರುವುದು ಬಹುಪಾಲು ವೃಷಭಾವತಿ ಹೊತ್ತು ತಂದ ನಮ್ಮದೇ ಬಚ್ಚಲುನೀರು.

ಮಲ್ಲೇಶ್ವರದ ನಮ್ಮಜ್ಜಿಗೆ ಅರ್ಕಾವತಿ ಅಂದರೆ ನಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯಿಂದ ಊರಿಗೆ ನೀರು ತರುವ ಕೆಲಸ ಶುರುವಾಯಿತು. ಅದು ಸಾಲದೆ 1933ರಲ್ಲಿ, ಕುಮುದ್ವತಿ ಬಂದು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಎದ್ದಿತು. 1974ರಲ್ಲಿ ಕಾವೇರಿ ಬಂದಾಗ ಊರೆಲ್ಲ ಹಿಗ್ಗಿದರೆ ಅಜ್ಜಿ ಮಾತ್ರ, "ಇದರಲ್ಲಿ ಬೇಳೆ ಬೇಯಲ್ಲ ಕಣೋ" ಎಂದು ಮೂಗು ಮುರಿದಿದ್ದಳು. ಅಜ್ಜಿಯ ಬೇಳೆ ಯಾವ ನೀರಿನಲ್ಲೂ ಬೇಗ ಬೆಂದದ್ದಿಲ್ಲ, ಅದು ಬೇರೆ ಮಾತು.

ನಿವೃತ್ತಿಯಾದ ಮೇಲೆ ದೊಡ್ಡಬಳ್ಳಾಪುರದ ಕಡೆ ಶಾಲೆ ಮಕ್ಕಳಿಗೆ ನದಿ ತೋರಿಸುವ ಗೆಳೆಯರ ಜೊತೆ ನಾನೂ ಹೋಗತೊಡಗಿದೆ. ತೋರಿಸುವುದೇನು? ಜಾಲಿ ಬೆಳೆದ ಒಂದು ತಗ್ಗು, ಅದರಾಚೆ ನೀಲಗಿರಿ ತೋಪು. ಟೀ ಅಂಗಡಿ ಮುಂದೆ ಕೂತಿದ್ದ ಅಜ್ಜರೊಬ್ಬರು, "ಯಾವ ನದಿ ಸ್ವಾಮಿ? ನಾವು ಹುಡುಗ್ರಾಗಿದ್ದಾಗ ಬಾವೀಲಿ ಬಗ್ಗಿ ಬಿಂದಿಗೆ ತುಂಬ್ಕೊಳ್ತಿದ್ವಿ. ಈಗ ಬೋರು ಸಾವಿರ ಅಡಿ ದಾಟೈತೆ" ಎಂದರು. ತಗ್ಗಿನ ಮುಂದೆ ನಿಂತು ನಾವು ಕೊಡಬೇಕೆಂದಿದ್ದ ಪಾಠವೆಲ್ಲ ಆ ಒಂದು ಮಾತಿನಲ್ಲಿತ್ತು.

ಮಳೆ ಕೈಕೊಟ್ಟಿತು ಎನ್ನುವುದು ಎಲ್ಲರಿಗೂ ಅನುಕೂಲದ ಕಾರಣ. ಏಟ್ರೀ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ ಮಳೆ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಅವರ ಬೆರಳು ಹೋದದ್ದು ಬೋರ್‌ವೆಲ್ಲುಗಳ ಕಡೆಗೆ, ನೀಲಗಿರಿಯ ಕಡೆಗೆ. ಬೇಸಗೆಯಲ್ಲಿ ಹಳ್ಳ ಹರಿಯುವುದು ಮಣ್ಣಿನೊಳಗಿನ ನೀರು ಊಟೆಯಾಗಿ ಒಸರುವುದರಿಂದ. ಒಳಗಿನ ನೀರು ಪಾತಾಳಕ್ಕಿಳಿದರೆ ಮೇಲಿನ ಹಳ್ಳಕ್ಕೆ ಮಳೆ ಬಂದ ದಿನವಷ್ಟೇ ಜೀವ. ನೀಲಗಿರಿಯ ಕಥೆಯಂತೂ ಚೋದ್ಯ: ಟಿಪ್ಪು ಸುಲ್ತಾನ್ ಸುಮಾರು 1790ರಲ್ಲಿ ಈ ಮರವನ್ನು ತರಿಸಿ ನೆಡಿಸಿದ್ದು ಇದೇ ನಂದಿಬೆಟ್ಟದಲ್ಲಂತೆ. ನದಿಯೂ ಅದನ್ನು ಹೀರುವ ಮರವೂ ಒಂದೇ ಮನೆಯ ಮಕ್ಕಳು! ಟಿಪ್ಪುವನ್ನು ಬೈದು ಪ್ರಯೋಜನವಿಲ್ಲ. ಅವನು ನೆಟ್ಟದ್ದು ತೋಟಕ್ಕೆ. ರಾಗಿ ಹೊಲಗಳಿಗೆ ಹಬ್ಬಿಸಿದ್ದು ನಾವು, ಕೂಲಿಯಾಳು ಬೇಡ, ಕಾಯುವುದು ಬೇಡ ಅಂತ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಕಡಿದ ಬುಡ ಮತ್ತೆ ಚಿಗುರುವುದಕ್ಕೆ ಸರ್ಕಾರದ ಆದೇಶ ತಿಳಿಯದು.

ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯ ಕಡೆ ಸ್ವಯಂಸೇವಕರು 2013ರಿಂದ ಊರವರನ್ನು ಕೂಡಿಕೊಂಡು ಇಳಿಜಾರಿನ ಹಳ್ಳಗಳಿಗೆ ಅಡ್ಡಲಾಗಿ ಕಲ್ಲು ಪೇರಿಸಿದ್ದಾರೆ, ಇಂಗುಬಾವಿ ತೋಡಿದ್ದಾರೆ. ಓಡುವ ನೀರು ನಡೆಯಲಿ, ನಡೆಯುವುದು ಇಂಗಲಿ ಅಂತ. ಈ ಕೆಲಸದ ಕಷ್ಟ ಏನೆಂದರೆ ಫಲ ಕಣ್ಣಿಗೆ ಬೀಳುವುದಿಲ್ಲ. 2022ರ ಮಳೆಗೆ ಹೆಸರಘಟ್ಟದ ಕೆರೆ ದಶಕಗಳ ಮೇಲೆ ತುಂಬಿದಾಗ ನೋಡಲು ಜಾತ್ರೆ ನೆರೆಯಿತು. ನಾನೂ ಹೋಗಿದ್ದೆ, ಜೋಳದ ತೆನೆ ತಿಂದು ಬಂದೆ. ಬಾವಿಯಲ್ಲಿ ನೀರು ಒಂದು ಮೊಳ ಏರಿದರೆ ನೋಡಲು ಯಾರು ಬರುತ್ತಾರೆ?

ಅದಕ್ಕೇ ಈಗ ಮಕ್ಕಳನ್ನು ತಗ್ಗಿನ ಹತ್ತಿರ ಮೊದಲು ಕರೆದೊಯ್ಯುವುದಿಲ್ಲ. ನಿಮ್ಮ ಮನೆಯ ಬೋರು ಎಷ್ಟು ಆಳ, ತಾತನ ಕಾಲದ ಬಾವಿ ಎಷ್ಟಿತ್ತು, ಕೇಳಿ ಬರೆದುಕೊಂಡು ಬನ್ನಿ ಎನ್ನುತ್ತೇವೆ. ಮಕ್ಕಳು ಉತ್ಸಾಹದಿಂದ ಕೇಳುತ್ತಾರೆ. ಮರುದಿನ ಒಂದಿಬ್ಬರು ಅಪ್ಪಂದಿರು ಶಾಲೆಯ ಗೇಟಿಗೇ ಬಂದು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ವಿಚಾರಿಸುತ್ತಾರೆ: "ಯಾಕೆ ಸ್ವಾಮಿ, ಪಂಪ್‌ಸೆಟ್ಟಿಗೆ ಮೀಟರ್ ಹಾಕೋಕೆ ಬಂದವ್ರಾ?"